ಸೌರಿ ತೊಳೆದ ಕಾಲು

ಹ್ಞೂಂಗುಟ್ಟೋರು ಇದ್ದರೆ ಕತೆ, ಇಲ್ಲದಿದ್ದರೆ ನಿದ್ದೆ. ಹ್ಞೂಂ ಅನ್ನಿ ಮತ್ತೆ!

ಬೇರೆ ಊರುಗಳಲ್ಲಿ ಮೇಷ್ಟ್ರು ಇದ್ದಾರೆ, ಲಾಯರು ಇದ್ದಾರೆ. ಇರಲಿ ಬಿಡಿ, ನಮಗೇನು! ನಮ್ಮ ಬೇಲದಪಾಳ್ಯದಲ್ಲಿ ಸೌರಿ ಇದ್ದಳು. ಅವಳಂಥ ಪೆದ್ದಿ ಸುತ್ತಮುತ್ತ ಯಾವ ಊರಲ್ಲೂ ಹುಟ್ಟಿಲ್ಲ, ಇನ್ನು ಹುಟ್ಟೋದೂ ಇಲ್ಲ. ಇದನ್ನು ನಾನು ಎದೆ ತಟ್ಟಿಕೊಂಡೇ ಹೇಳ್ತೀನಿ.

ಸೌರಿಗೆ ಅಪ್ಪ ಇಲ್ಲ. ಇದ್ದದ್ದು ಅವ್ವ ಇನ್ನಾಸಮ್ಮ, ಒಂದು ಎಮ್ಮೆ, ಅದರ ಕರು, ಎರಡು ಸೀರೆ. ಒಂದು ಸೀರೆ ದಿನಕ್ಕೆ, ಇನ್ನೊಂದು ಭಾನುವಾರದ ಪೂಜೆಗೆ. ಬೆಳಗ್ಗೆ ಗುಡಿ ಗಂಟೆ ಹೊಡೆದರೆ ಎದ್ದು ಶಿಲುಬೆ ಗುರುತು ಹಾಕಿಕೊಳ್ಳೋಳು, ಹಾಲು ಕರೆಯೋಳು, ಅಂಗಳ ಸಾರಿಸೋಳು, ಸಂಜೆಗೆ ಜಪಸರ ಹಿಡಿದು ಕೂರೋಳು. ಮೈಗಳ್ಳತನ ಇಲ್ಲ, ಬಾಯಲ್ಲಿ ಸುಳ್ಳಿಲ್ಲ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋಳು! ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಮ್ಮಿಯಿಲ್ಲ. ಸಂತೆಯಲ್ಲಿ ಯಾರಾದರೂ "ಈ ಹುಡುಗಿ ಯಾರ ಮಗಳವ್ವ?" ಅಂದರೆ ಸಾಕು, ಇನ್ನಾಸಮ್ಮ ಬದನೆಕಾಯಿ ಆರಿಸೋಳ ಹಾಗೆ ತಲೆ ತಗ್ಗಿಸಿಬಿಡೋಳು.

ಆ ವರ್ಷ ಊರಿಗೆ ಹೊಸ ಪಾದ್ರಿ ಸ್ವಾಮಿಗಳು ಬಂದರು. ಪವಿತ್ರ ಗುರುವಾರ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಗುಡಿಯಲ್ಲಿ ಹನ್ನೆರಡು ಜನರ ಕಾಲು ತೊಳೀತಾರಲ್ಲ, ಅದಕ್ಕೆ ಈ ಸಲ ಹೆಂಗಸರೂ ಕೂರಬಹುದು ಅಂದರು. ಇನ್ನಾಸಮ್ಮ ಎದ್ದೆನೋ ಬಿದ್ದೆನೋ ಅಂತ ಓಡಿದಳು.

"ಸ್ತೋತ್ರ ಸ್ವಾಮಿ! ನನ್ನ ಮಗಳನ್ನೂ ಒಂದು ಕುರ್ಚಿ ಮ್ಯಾಲೆ ಕೂರಿಸಿ. ಒಂದೇ ಒಂದು ದಿನ ಊರು ಅವಳನ್ನ ನೋಡಿ ನಗದೆ ಇರಲಿ!"

ಪಕ್ಕದಲ್ಲೇ ನಿಂತಿದ್ದ ಅರುಳಪ್ಪ. ಮಕ್ಕಳಿಗೆ ಜಪ ಕಲಿಸೋ ಉಪದೇಶಿ, ಮೀಸೆ ಮೇಲೆ ನಿಂಬೆಹಣ್ಣು ನಿಲ್ಲಿಸೋ ಗತ್ತಿನವನು. "ಆ ಪೆದ್ದೀನಾ? ಪೂಜೇನೇ ಕೆಡಿಸ್ತಾಳೆ ಸ್ವಾಮಿ!" ಅಂದ.

"ಕೂರಲಿ ಬಿಡಿ. ಅಷ್ಟರೊಳಗೆ ದೊಡ್ಡ ಎಡವಟ್ಟು ಏನೂ ಆಗದಿರಲಿ, ಅಷ್ಟೆ," ಅಂದರು ಸ್ವಾಮಿಗಳು.

ಅಷ್ಟೆ ಅಂತೆ! ಸೌರಿ ಕೈಲಿ!

ಬೂದಿ ಬುಧವಾರ ಬಂತು, ಪವಿತ್ರ ಗುರುವಾರಕ್ಕೆ ಮುಂಚಿನ ತಪಸ್ಸುಕಾಲ ಶುರುವಾಯಿತು. ಸ್ವಾಮಿಗಳು ಪ್ರಸಂಗದಲ್ಲಿ, "ದಾನ ಮಾಡುವಾಗ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು" ಅಂದರು. ಮಾರನೇ ದಿನ ಇನ್ನಾಸಮ್ಮ ಒಂದು ಗಡಿಗೆ ಮಜ್ಜಿಗೆ ಕೊಟ್ಟು, "ಎಲಿಸಜ್ಜಿ ಜ್ವರದಲ್ಲಿ ಮಲಗವಳೆ, ಕೊಟ್ಟು ಬಾ" ಅಂದಳು. ಸೌರಿ ಮಾಡಿದ್ದೇನು? ಎಡಗೈಯನ್ನ ಬೆನ್ನ ಹಿಂದಕ್ಕೆ ತಿರುಗಿಸಿ ಟವಲ್ಲಿನಲ್ಲಿ ಬಿಗಿಯಾಗಿ ಕಟ್ಟಿಕೊಂಡಳು. ಒಂದೇ ಕೈಯಲ್ಲಿ ಗಡಿಗೆ ಎತ್ತಿಕೊಂಡು ಹೊರಟಳು. ನಾಲ್ಕು ಹೆಜ್ಜೆ ಇಟ್ಟಳೋ ಇಲ್ಲವೋ, ಗಡಿಗೆ ಢಬ್! ಮಜ್ಜಿಗೆ ಮಣ್ಣುಪಾಲು!

"ಅಯ್ಯೋ ನನ್ನ ಕರ್ಮವೇ! ಇದೇನೇ ಕೈ ಕಟ್ಕಂಡು?"

"ಎಡಗೈಗೆ ಗೊತ್ತಾಗಬಾರದಲ್ಲವ್ವ. ಇಲ್ಲೇ ಇದ್ದರೆ ಕಂಡುಬಿಡ್ತದೆ."

"ಬಾಯಿ ಮುಚ್ಚೇ! ಏನನ್ನೇ ತಂದರೂ ಎರಡು ಕೈಯಲ್ಲೂ ಎದೆಗೆ ಅವಚ್ಕಂಡು ತರಬೇಕು. ಮರಿಯಮ್ಮನವರು ಬಾಲಯೇಸುವನ್ನ ಎತ್ಕಂಡವ್ರೆ ನೋಡು, ಹಂಗೆ!"

"ಹಂಗೇ ಮಾಡ್ತೀನವ್ವ!"

ಮಾಡಿದಳು. ಒಂದು ಸಂಜೆ ಅವ್ವ, "ಎಮ್ಮೆ ತಾನೇ ಬತ್ತದೆ, ನೀನು ಕರು ಹೊಡ್ಕಂಡು ಬಾ" ಅಂದಳು. ಸೌರಿ ಕರುವನ್ನ ಎರಡು ಕೈಯಲ್ಲೂ ಬಾಚಿ ಎದೆಗೆ ಅವಚಿಕೊಂಡಳು. ಕರು ಒದೀತು, ಕೂಗ್ತು. ಬಿಟ್ಟಳೇ? ಇಲ್ಲ! ಬಾಲಯೇಸುವನ್ನ ಬಿಟ್ಟಾರಾ ಯಾರಾದರೂ? ಕರು ಕೂಗಿದ್ದು ಕೇಳಿ ಎಮ್ಮೆ ಬಾಲ ಎತ್ತಿಕೊಂಡು ಬಂತು ನೋಡಿ! ಸೌರಿ ಮುಂದೆ, ಎಮ್ಮೆ ಹಿಂದೆ, ಪಕ್ಕದ ಮನೆ ಮದಲೇನಮ್ಮನ ಸೊಪ್ಪಿನ ಮಡಿ ನಡುವೆ! ದಂಟಿಲ್ಲ, ಮೆಂತ್ಯವಿಲ್ಲ, ಎಲ್ಲ ಚಟ್ನಿ.

"ನನ್ನ ಬೆಳೆ ತಿಂದೋರ ಮನೆ ನೀರೂ ಮುಟ್ಟಲ್ಲ!" ಅಂತ ಮದಲೇನಮ್ಮ ಬೇಲಿಗೆ ಮುಳ್ಳು ಹೊಡೆದಳು. ಮಾತು ಬಿಟ್ಟಳು. ಗಂಡ ಸತ್ತ ಮೇಲೆ ಇಟ್ಟಿಗೆ ಗೂಡಿನಲ್ಲಿ ದುಡಿದು ಒಬ್ಬಳೇ ಬದುಕೋ ಹೆಂಗಸು, ಪಾಪ, ಆ ಮಡಿಯೇ ಅವಳ ಮಕ್ಕಳುಮರಿ.

"ಕರೂನ ಯಾರಾದರೂ ಎತ್ಕಂತಾರೇನೇ? ಕೊರಳಿಗೆ ಹಗ್ಗ ಹಾಕಿ, 'ಬಾ ಬಾ' ಅಂತ ಮುಂದೆ ಮುಂದೆ ನಡೀಬೇಕು. ಹಿಂದೆ ಹಿಂದೆ ಬತ್ತದೆ!"

"ಹಂಗೇ ಮಾಡ್ತೀನವ್ವ!"

ಒಂದು ಶುಕ್ರವಾರ ಸೌರಿಯ ಅಪ್ಪನ ವರ್ಷದ ಜಪ. "ಉಪದೇಶಿ ಅರುಳಪ್ಪನೋರನ್ನ ಕರಕೊಂಡು ಬಾ" ಅಂದಳು ಅವ್ವ. ಅರುಳಪ್ಪ ಜಗಲಿಯಲ್ಲಿ ಕಣ್ಣು ಮುಚ್ಚಿ ಜಪದಲ್ಲಿ ಮುಳುಗಿದ್ದ. ಸೌರಿ ಮೆಲ್ಲಗೆ ಹೋದಳು, ಕೊರಳಿಗೆ ಹಗ್ಗ ಹಾಕಿದಳು, "ಬಾರಪ್ಪ ಬಾ! ಬಾರಪ್ಪ ಬಾ!" ಅಂತ ಎಳೆದಳು.

ಅರುಳಪ್ಪ ಬೀದಿಗೆ ಬಂದು ಮುಗ್ಗರಿಸಿದ. ತಪಸ್ಸುಕಾಲದ ಶುಕ್ರವಾರ ಬೇರೆ, ಯೇಸುಸ್ವಾಮಿ ಶಿಲುಬೆ ಹೊತ್ತು ಬಿದ್ದು ಎದ್ದು ನಡೆದ ಹಾದಿಯನ್ನ ನೆನೆಯೋ ದಿನ! ಬೀದಿ ಹೆಂಗಸರು ನೋಡಿದರು. ಕೊರಳಲ್ಲಿ ಹಗ್ಗ, ಎಳೆಯೋರೊಬ್ಬರು, ಬೀಳೋರೊಬ್ಬರು. "ಶಿಲುಬೆ ಹಾದಿ ಬಂತು ಕಣ್ರೇ!" ಅಂತ ಸೆರಗು ತಲೆಗೆ ಹೊದ್ದು, ಸಾಲಾಗಿ ಮೊಣಕಾಲೂರಿದರು. ಒಬ್ಬಳಂತೂ, ಆ ಹಾದಿಯಲ್ಲಿ ಯೇಸುಸ್ವಾಮಿ ಮುಖ ಒರೆಸಿದ ಪುಣ್ಯಾತ್ಗಿತ್ತಿ ಹಾಗೆ, ಓಡಿಬಂದು ಸೆರಗಿನಿಂದ ಅರುಳಪ್ಪನ ಮುಖ ಒರೆಸಿಯೇಬಿಟ್ಟಳು!

ಅರುಳಪ್ಪ ಬುಸುಗುಡುತ್ತಾ ಸ್ವಾಮಿಗಳ ಹತ್ತಿರ ಹೋದ. "ಅವಳಿಗೆ ಕುರ್ಚಿ ಬೇಡ ಸ್ವಾಮಿ!"

ಸ್ವಾಮಿಗಳು ನಗು ತಡೆಯೋಕೆ ಕೆಮ್ಮಿದರು. "ನಿನ್ನ ಹಿಂದೆ ಊರು ಮೊಣಕಾಲೂರಿದ್ದು ಇದೇ ಮೊದಲಲ್ವಾ ಅರುಳಪ್ಪ? ಕುರ್ಚಿ ಇರಲಿ."

ಮನೆಯಲ್ಲಿ ಅವ್ವ ಹಣೆ ಚಚ್ಚಿಕೊಂಡಳು. "ದೊಡ್ಡೋರನ್ನ ಕಂಡರೆ ಎದ್ದು ನಿಂತು, 'ಕೂತ್ಕಳಿ' ಅನ್ನಬೇಕು. ಮೊದಲು ಅವರ ಕಾಲಿಗೆ ನೀರು, ಆಮ್ಯಾಕೆ ನಮ್ಮದು! ತಿಳೀತಾ?"

"ತಿಳೀತವ್ವ!"

ಪವಿತ್ರ ಗುರುವಾರ ಬೆಳಗ್ಗೆ ಇನ್ನಾಸಮ್ಮ ಮಗಳ ಕಾಲನ್ನ ತೆಂಗಿನ ನಾರಿನಲ್ಲಿ ತಿಕ್ಕಿದಳು. "ಊರೆಲ್ಲ ನೋಡೋ ಕಾಲು ಕಣೇ. ಕಾಲು ಅಂದರೆ ಬೆಳ್ಳಗಾಗೋವರೆಗೂ ಉಜ್ಜಬೇಕು, ನಡುವೆ ಬಿಡಬಾರದು!" ಸೌರಿ ಹ್ಞೂಂ ಅಂದಳು. ನಾರನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಸಂಜೆ ಗುಡಿ ತುಂಬಿತ್ತು. ಹನ್ನೆರಡು ಕುರ್ಚಿ. ಕೊನೇ ಕುರ್ಚಿಯಲ್ಲಿ ಸೌರಿ, ಭಾನುವಾರದ ಸೀರೆಯಲ್ಲಿ. ಇನ್ನಾಸಮ್ಮ ಹಿಂದಿನ ಬೆಂಚಿನಲ್ಲಿ ಕೂತು, 'ತಾಯೇ, ಇದೊಂದು ಗಳಿಗೆ ಕಾಪಾಡವ್ವ' ಅಂತ ಜಪಸರ ಹಿಂಡ್ತಾ ಇದ್ದಳು. ಸ್ವಾಮಿಗಳು ಒಬ್ಬೊಬ್ಬರ ಕಾಲು ತೊಳೆದು, ಒರೆಸಿ, ಸೌರಿ ಮುಂದೆ ಬಂದು ಮೊಣಕಾಲೂರಿದರು.

ಸೌರಿ ದಡಕ್ಕನೆ ಎದ್ದಳು! "ನೀವು ಕೂತ್ಕಳಿ ಸ್ವಾಮಿ! ಮೊದಲು ನಿಮ್ಮ ಕಾಲಿಗೆ ನೀರು, ಆಮ್ಯಾಕೆ ನಮ್ಮದು!"

ಗುಡಿಯೆಲ್ಲ ಕಿಸಕ್ಕೆಂದಿತು. ಇನ್ನಾಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸ್ವಾಮಿಗಳು ನಗಲಿಲ್ಲ. "ಕೂತ್ಕೋ ತಾಯಿ. ನಾನು ನಿನಗೆ ಮಾಡಿದ ಹಾಗೆ ನೀನು ಮಿಕ್ಕವರಿಗೆ ಮಾಡು. ಯೇಸುಸ್ವಾಮಿ ಹೇಳಿದ್ದು ಅಷ್ಟೆ."

"ಅಷ್ಟೇನಾ?" ಅಂತ ಸೌರಿ ಕೂತಳು. ಕಾಲು ತೊಳೆಸಿಕೊಂಡಳು. ಎದ್ದಳು. ಸ್ವಾಮಿಗಳ ಕೈಯಿಂದ ಚೊಂಬು, ಬೋಗುಣಿ, ಟವಲ್ಲು ಎಲ್ಲ ಕಿತ್ತುಕೊಂಡು ಜನರ ನಡುವೆ ಇಳಿದಳು!

ಮೊದಲು ಸಿಕ್ಕಿದ್ದೇ ಮದಲೇನಮ್ಮ. ಅವಳು ಕಾಲನ್ನ ಸೀರೆಯೊಳಗೆ ಎಳೆದುಕೊಂಡಳು. "ಬ್ಯಾಡ ಕಣೇ, ಬಿರುಕು ಬಿಟ್ಟವೆ, ನಾಚ್ಕೆ ಆಯ್ತದೆ."

"ಸ್ವಾಮ್ಯೋರು ಹೇಳವ್ರೆ ಅತ್ತೆ," ಅಂತ ಸೌರಿ ಕಾಲು ಎಳೆದುಕೊಂಡಳು. ಇಟ್ಟಿಗೆ ಗೂಡಿನ ಕೆಂಪು ಧೂಳು ಬಿರುಕು ಬಿರುಕಿನಲ್ಲೂ ಕೂತಿತ್ತು. ನಾರು ತೆಗೆದಳು, ಉಜ್ಜಿದಳು. ಬೆಳ್ಳಗಾಗೋವರೆಗೂ ಬಿಡಲಿಲ್ಲ. ಇವರ ಮನೆ ನೀರೂ ಮುಟ್ಟಲ್ಲ ಅಂದಿದ್ದ ಮದಲೇನಮ್ಮ ಆ ಹುಡುಗಿ ತಲೆ ಮೇಲೆ ಕೈಯಿಟ್ಟು ಗೊಳೋ ಅಂತ ಅತ್ತುಬಿಟ್ಟಳು.

ಆಮೇಲೆ ಪಕ್ಕದವಳು. ಆಮೇಲೆ ಅವಳಾಚೆಯವನು. ಪೂಜೆ ನಿಂತೇಹೋಯಿತು! ಅರುಳಪ್ಪ ಮುಂದಿನ ಬೆಂಚಿನಿಂದ ಹಾರಿ ಎದ್ದ. "ಇವಳು ಯಾರ ಮಗಳು? ಬಂದು ಹಿಡ್ಕಳ್ರಿ!"

ಇನ್ನಾಸಮ್ಮ ಮುಖದ ಮೇಲಿನ ಸೆರಗು ತೆಗೆದಳು. ಮದಲೇನಮ್ಮನ ಕಣ್ಣೀರು ನೋಡಿದಳು. ಎದ್ದು ನಿಂತಳು.

"ನನ್ನ ಮಗಳು!" ಅಂದಳು. ಗುಡಿ ಗೋಡೆಗೆ ಬಡಿಯೋ ಹಾಗೆ ಅಂದಳು. "ನನ್ನ ಮಗಳು ಕಣಪ್ಪ ಅರುಳಪ್ಪ. ನಿನ್ನ ಕಾಲೂ ಚಾಚು!"

ಅರುಳಪ್ಪ ಮೀಸೆ ಇಳಿಸಿ ಚಾಚಿದ. ಸ್ವಾಮಿಗಳು ತಾವೇ ನೀರು ತಂದು ತಂದು ಕೊಟ್ಟರು. ಊರಿಗೆ ಊರೇ ಮುಗೀತು. ಕೊನೆಗೆ ಅವ್ವನ ಕಾಲೂ ಮುಗೀತು.

"ಸಾಕು ಬಾರೇ, ಯಾರನ್ನೂ ಬಿಡಲಿಲ್ಲ!"

"ಇನ್ನೊಬ್ರು ಅವ್ರೆ ಕಣವ್ವ," ಅಂದಳು ಸೌರಿ. ಮೂಲೆಯಲ್ಲಿ ಸಂತ ಅಂತೋಣಿಯವರ ಪ್ರತಿಮೆ. ಆ ವಾರ ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಮುಸುಕು ಹಾಕಿರ್ತಾರಲ್ಲ! "ಪಾಪ, ಅವರಿಗೂ ನಾಚ್ಕೆ. ಮುಸುಕು ಹಾಕ್ಕಂಡು ಬಚ್ಚಿಟ್ಕಂಡವ್ರೆ!"

ಹಿಡಿಯೋಷ್ಟರಲ್ಲಿ ಮುಸುಕು ಎತ್ತಿದಳು, ನಾರು ಹಿಡಿದಳು, ಉಜ್ಜಿದಳು, ಉಜ್ಜಿದಳು. ಬೆಳ್ಳಗಾಗೋವರೆಗೂ ಉಜ್ಜಿದಳು!

ಈಗಲೂ ನಮ್ಮೂರಿಗೆ ಬಂದು ನೋಡಿ. ಅಂತೋಣಿಯವರ ಅಂಗಿ ಕಂದು, ಮುಖ ಕೆಂಪು, ಕಾಲು ಮಾತ್ರ ಬಣ್ಣ ಹೋಗಿ ಗಾರೆ ಬಿಳುಪು. ಹಬ್ಬಕ್ಕೆ ಪೇಂಟರು ಬಂದಾಗಲೆಲ್ಲ ಇನ್ನಾಸಮ್ಮ ಸೆರಗು ಸಿಕ್ಕಿಸಿಕೊಂಡು ಅಡ್ಡ ನಿಲ್ತಾಳೆ.

"ಮಿಕ್ಕಿದ್ದಕ್ಕೆಲ್ಲ ಬಣ್ಣ ಹೊಡಿಯಪ್ಪ. ಕಾಲು ಮಾತ್ರ ಮುಟ್ಟಬ್ಯಾಡ. ಅದು ನನ್ನ ಮಗಳು ತೊಳೆದ ಕಾಲು!"