ತೆರೆಹಗೇವಿನ ದಿಣ್ಣೆ

ಕ್ರೈಸ್ತರ ಊರಾದ ಜೋಜಪ್ಪನಕೊಪ್ಪಲಿನ ದೇವಾಲಯದ ಹಿಂದಿರುವ ಕೆಮ್ಮಣ್ಣಿನ ದಿಬ್ಬವನ್ನು ತೆರೆಹಗೇವಿನ ದಿಣ್ಣೆ ಎನ್ನುತ್ತಾರೆ. ಅದರ ನೆತ್ತಿಯಲ್ಲಿ ಒಬ್ಬರು ಇಳಿಯುವಷ್ಟೇ ಬಾಯಿಯಿರುವ, ಒಳಗೆ ಗುಡಾಣದಂತೆ ಅಗಲವಾದ ಹಗೇವೊಂದಿದೆ. ರಾಗಿಯನ್ನು ವರ್ಷಗಟ್ಟಲೆ ಕಾಪಿಡಲು ನೆಲದೊಳಗೆ ತೋಡುತ್ತಿದ್ದ ಕಣಜವೇ ಹಗೇವು. ಊರಿನ ಉಳಿದ ಹಗೇವುಗಳೆಲ್ಲ ಎಂದೋ ಮುಚ್ಚಿಹೋದವು, ಇದೊಂದು ಮಾತ್ರ ಬಾಯಿ ತೆರೆದುಕೊಂಡೇ ಇದೆ. ಮಗ್ಗುಲಲ್ಲಿ ಅದರ ಮುಚ್ಚಳದ ಚಪ್ಪಡಿ ಬಿದ್ದಿದೆ.

ಹಿಂದೆ ಒಮ್ಮೆ ಈ ಸೀಮೆಯ ಮೇಲೆ ದಂಡು ಹಾದುಹೋಗಿ ಊರಿನ ಕಾಳನ್ನೆಲ್ಲ ಬಾಚಿಕೊಂಡು ಹೋಯಿತಂತೆ. ಆಗ ಈ ದಿಣ್ಣೆ ಚೌರಪ್ಪನೆಂಬ ಒಕ್ಕಲಿನವನ ಹಿತ್ತಲಾಗಿತ್ತು. ಚಪ್ಪಡಿಯ ಮೇಲೆ ತಿಪ್ಪೆ ಹಾಕಿದ್ದರಿಂದ ಅವನ ಹಗೇವು ದಂಡಿನ ಕಣ್ಣಿಗೆ ಬೀಳಲಿಲ್ಲ, ಊರಿನ ಕಣ್ಣಿಗೂ ಬೀಳಲಿಲ್ಲ. ತನ್ನದೂ ಹೋಯಿತೆಂದು ಚೌರಪ್ಪ ಎಲ್ಲರೊಡನೆ ಗೋಳಾಡಿದ. ಅಂದಿನಿಂದ ಪುಣ್ಯಾತ್ಮನಿಗೆ ಅನ್ನ ರುಚಿಸಲಿಲ್ಲ, ನಿದ್ದೆ ಹತ್ತಲಿಲ್ಲ. ನಾಯಿ ಬೊಗಳಿದರೆ ಎದ್ದು ಕೂರುವನು. ಕತ್ತಲಲ್ಲೇ ತಿಪ್ಪೆ ಸರಿಸಿ, ಚಪ್ಪಡಿಯ ಮೇಲೆ ಕೂತು ಜಪ ಹೇಳುವನು. ಹೆಂಡತಿ ಆರೋಗ್ಯಮ್ಮನಿಗೆ ಇದನ್ನು ನೋಡಿ ನೋಡಿ ಸಾಕಾಯಿತು.

"ಇವತ್ತಿನ ಅನ್ನ ಕೊಡಪ್ಪಾ ಅಂತ ಬೇಡ್ಕತೀರಲ್ಲ, ಯಾರ್ನ ಬೇಡ್ತಾ ಇದ್ದೀರಿ? ದೇವರ್ನೋ, ಈ ಕಲ್ನೋ?"

ಚೌರಪ್ಪ ಎದ್ದು ತಿಪ್ಪೆಯನ್ನು ಮತ್ತೆ ಚಪ್ಪಡಿಯ ಮೇಲೆ ಎಳೆದ. ಹಿಂದಿನ ದಿನವಷ್ಟೇ ನೆರೆಯ ಸವರಿಯಪ್ಪನ ತುಂಬು ಬಸುರಿ ಸೊಸೆ ಖಾಲಿ ಮೊರ ಹಿಡಿದು ಬಂದಿದ್ದಳು. ಚೌರಪ್ಪ ಅವಳನ್ನು ಹಾಗೇ ಹಿಂದಕ್ಕೆ ಕಳಿಸಿದ್ದ.

ಮನೆಯ ಹಿಟ್ಟು ಮುಗಿಯಿತು. ಮುಚ್ಚಿಟ್ಟ ಹಗೇವಿನಲ್ಲಿ ವಿಷಗಾಳಿ ಕಟ್ಟಿರುತ್ತದೆ. ಅದನ್ನು ತೆರೆದು ಇಡೀ ಹಗಲು ಗಾಳಿಗೆ ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುವುದು ರೂಢಿ. ಆದರೆ ಹಗಲೆಲ್ಲ ತೆರೆದಿಟ್ಟರೆ ಮುಗ್ಗುರಾಗಿಯ ಘಾಟು ಊರಿಗೆಲ್ಲ ಸಾರುತ್ತದಲ್ಲ! ಭಾನುವಾರ ಎಲ್ಲರೂ ಪೂಜೆಗೆ ಹೋದ ಹೊತ್ತು ನೋಡಿ ಚೌರಪ್ಪ ಚಪ್ಪಡಿ ಎತ್ತಿದ. ಅವನ ಭುಜ ಆ ಬಾಯಲ್ಲಿ ಹಿಡಿಸುತ್ತಿರಲಿಲ್ಲ, ಆರೋಗ್ಯಮ್ಮನೇ ಇಳಿಯಬೇಕಿತ್ತು.

"ದೀಪ ಬಿಟ್ಟು ನೋಡಾನ ತಾಳಿ," ಎಂದಳು ಆಕೆ.

"ಹೊತ್ತೆಲ್ಲೈತೆ? ಪೂಜೆ ಮುಗುದೋಯ್ತದೆ!"

ಆಕೆ ಶಿಲುಬೆಯ ಗುರುತು ಹಾಕಿಕೊಂಡು, ಹಗ್ಗ ಹಿಡಿದು ಇಳಿದಳು. ತುಸು ಹೊತ್ತಿಗೆ ಹಗ್ಗ ಸಡಿಲವಾಯಿತು. ಚೌರಪ್ಪ ಕರೆದ, ಮತ್ತೆ ಕರೆದ. ಒಳಗಿನಿಂದ ಉಸಿರಿಲ್ಲ. ದೇವಾಲಯದಿಂದ ಹಾಡು ಕೇಳಿಬರುತ್ತಿತ್ತು. ಕೂಗಿದರೆ ಕಾಳು ಹೋಗುತ್ತದೆ, ಮಾನವೂ ಹೋಗುತ್ತದೆ. ಕೂಗದಿದ್ದರೆ ಇವಳು ಹೋಗುತ್ತಾಳೆ. ಅಷ್ಟು ಯೋಚಿಸಿದ್ದಕ್ಕೇ ಅವನು ಬದುಕಿರುವವರೆಗೂ ನಾಚಿದನಂತೆ. ಬಿದ್ದು ಎದ್ದು ಓಡಿ ದೇವಾಲಯದ ಬಾಗಿಲಲ್ಲಿ ನಿಂತು ಅರಚಿದ:

"ನನ್ ಹಗೇವ್ನಾಗೆ ನನ್ನೆಂಡ್ತಿ ಬಿದ್ದವ್ಳೆ, ಬನ್ರಪ್ಪೋ!"

ನಿನಗೆಲ್ಲಿಯ ಹಗೇವು ಎಂದು ಯಾರೂ ಕೇಳಲಿಲ್ಲ. ಹಸಿದ ಜನ ಓಡಿಬಂದು, ಒದ್ದೆ ಕಂಬಳಿಗಳನ್ನು ಹಗೇವಿನೊಳಗೆ ಇಳಿಬಿಟ್ಟು ಬೀಸಿ ಬೀಸಿ ವಿಷಗಾಳಿ ಹೊರಡಿಸಿದರು. ಸಣಕಲು ಸವರಿಯಪ್ಪ ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಬಿಗಿಹಿಡಿದು ಇಳಿದು ಆಕೆಯನ್ನು ಮೇಲೆ ತಂದ. ಬಹಳ ಹೊತ್ತಿನ ಮೇಲೆ ಆರೋಗ್ಯಮ್ಮ ಕಣ್ಣು ಬಿಟ್ಟಳು. ಗಂಡ ಚಪ್ಪಡಿಯನ್ನು ಮತ್ತೆ ಹಗೇವಿನ ಬಾಯಿಗೆ ಎಳೆಯುತ್ತಿದ್ದುದು ಕಂಡಿತು. ಪಾಪ, ರೂಢಿಯ ಕೈ!

"ಮುಚ್ಬ್ಯಾಡಿ," ಎಂದಳು.

ಚೌರಪ್ಪ ಕೈಬಿಟ್ಟ. ಅಂದಿನಿಂದ ರಾಗಿ ಊರಿಗೆಲ್ಲ ಹಂಚಿಕೆಯಾಯಿತು, ಮೊದಲ ಮೊರ ಸವರಿಯಪ್ಪನ ಸೊಸೆಗೆ ಹೋಯಿತು. ಅವನ ಭಯ ಅಲ್ಲಿಗೇ ಹೋಯಿತೆಂದು ಯಾರೂ ಹೇಳುವುದಿಲ್ಲ. ದಿನವೂ ಸಂಜೆ ಬಂದು ಬಗ್ಗಿ ನೋಡುವನು. ರಾಗಿ ತಳ ಕಾಣುತ್ತ ಬಂದಂತೆ ಭಯ ಇನ್ನೂ ಹೆಚ್ಚುವುದು. ಆಗ ನಿಂತಲ್ಲೇ ಕೈಯೊಡ್ಡಿ ಇವತ್ತಿನ ಅನ್ನ ಬೇಡುವನು, ಈ ಸಲ ನಿಜವಾಗಿ. ಹೊಸ ಬೆಳೆಯವರೆಗೆ ಆ ರಾಗಿ ಸಾಲಿತೋ ಇಲ್ಲವೋ ಎಂಬುದರಲ್ಲಿ ಹಿರಿಯರಲ್ಲೇ ಎರಡು ಮಾತಿದೆ. ಊರು ಉಳಿಯಿತೆಂಬುದರಲ್ಲಿ ಇಲ್ಲ.

ಈಗಲೂ ಹೊಸ ರಾಗಿ ಬಂದಾಗ ಜನ ಒಂದೊಂದು ಹಿಡಿ ತಂದು ಹಗೇವಿನ ಬಾಯಿಯ ಬಳಿ ಇಡುತ್ತಾರೆ. ಬೇಕಾದವರು ಒಯ್ಯುತ್ತಾರೆ. ಅಲ್ಲಿ ಪ್ರಾರ್ಥನೆಯನ್ನು ಮುದುಕರೂ ನಿಂತೇ ಹೇಳುತ್ತಾರೆ. ಪಕ್ಕದಲ್ಲೇ ಹಾಸಿದಂತೆ ಚಪ್ಪಡಿ ಬಿದ್ದಿದ್ದರೂ ಅದರ ಮೇಲೆ ಯಾರೂ ಕೂರುವುದಿಲ್ಲ.