ಬುರುಡೆ ಮತ್ತು ಹರಿಗೋಲು

“ಗುರುಗಳೇ, ಈ ಚಿಕ್ಕ ಲ್ಯಾಪ್‌ಟಾಪು ಕೊಂಡರೆ ಕೆಲಸಕ್ಕೆ ಬಂದೀತೇ, ಇಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾದೀತೇ?” ಎಂದು ಅಮರೇಶ ಕೇಳಿದ.

ಗುರು ಕರಿಬಸಯ್ಯನವರು ಶೇಂಗಾ ಸುಲಿಯುತ್ತ ಕುಳಿತಿದ್ದರು. ಕೈ ನಿಲ್ಲಿಸಲಿಲ್ಲ. ಕೇಳಿದವನೂ ಸುಲಿಯಲಿ ಎಂದು ಒಂದು ಹಿಡಿ ಅವನ ಮುಂದೆ ಸುರಿದರು.

ಅಮರೇಶ ಅವರ ಮಠದಲ್ಲಿ ಓದು ಮುಗಿಸಿದ ಶಿಷ್ಯ. ಕಲ್ಲುಕ್ವಾರಿಯ ಕೂಲಿಗಳ ಮಕ್ಕಳಿಗೆ ಅಕ್ಷರ ಕಲಿಸಲು ಅವನು ಮುಂದಿನ ವಾರ ಹೊರಡುವವನಿದ್ದ. ಅಲ್ಲಿಗೆ ಮೊದಲು ಹೋದ ಯಾವ ಮೇಷ್ಟರೂ ನಿಂತಿರಲಿಲ್ಲ. ಈ ವರ್ಷವೂ ಮಕ್ಕಳಿಗೆ ಅಕ್ಷರ ಹತ್ತದಿದ್ದರೆ ಜಲ್ಲಿ ಹೊರಲು ಹಚ್ಚುತ್ತೇವೆ ಎಂದು ತಾಯಿತಂದೆಯರು ಹೇಳಿಬಿಟ್ಟಿದ್ದರು. ಅದು ಬೆದರಿಕೆಯಾಗಿರಲಿಲ್ಲ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು, ಮಕ್ಕಳು ಸುಮ್ಮನೆ ಕೂರುವುದನ್ನು ಎಷ್ಟು ವರ್ಷ ನೋಡಿಯಾರು?

ಮಠದ ಭಕ್ತರೊಬ್ಬರು ಅಮರೇಶನಿಗೆ ಪಾಠಕ್ಕೆಂದು ಒಂದು ಸಾಧನ ಕೊಡಿಸಲು ಒಪ್ಪಿದ್ದರು. ಒಂದೇ ಒಂದು. ಯಾವುದು ಬೇಕೆಂದು ಅವನೇ ಆರಿಸಿ ಹೇಳಬೇಕಿತ್ತು. ಅವನು ಪೇಟೆಗೆ ಹೋಗಿ ನೋಡಿಕೊಂಡು ಬಂದಿದ್ದ. ದೊಡ್ಡ ಲ್ಯಾಪ್‌ಟಾಪು ಭಕ್ತರ ಕೈಗೆ ಮೀರಿದ್ದು, ಮೇಲಾಗಿ ಕ್ವಾರಿಯ ದೂಳಿನಲ್ಲಿ, ಏರಿಳಿತದಲ್ಲಿ ಅದನ್ನು ಹೊತ್ತು ತಿರುಗುವುದು ಕಷ್ಟ. ಹೊಸ ಫೋನು ಚೆನ್ನಾಗಿತ್ತು. ಟ್ಯಾಬು ಇನ್ನೂ ಚೆನ್ನಾಗಿತ್ತು, ಅದರ ಮೇಲೆ ಬೆರಳು ಜಾರಿಸಿದರೆ ಬೆಣ್ಣೆಯ ಮೇಲೆ ಜಾರಿದ ಹಾಗಿತ್ತು. ಮೂಲೆಯಲ್ಲಿ ಚಿಕ್ಕ ಲ್ಯಾಪ್‌ಟಾಪು ಇತ್ತು. ಅಗ್ಗದ್ದು. ಪರದೆ ಕಿರಿದು, ಓಟ ನಿಧಾನ. ಅಂಗಡಿಯ ಹುಡುಗರು ಅದನ್ನು ಎಡಬಿಡಂಗಿ ಎಂದು ನಕ್ಕರು. ಇತ್ತ ಜೇಬಿಗೆ ಹಿಡಿಯದು, ಅತ್ತ ದೊಡ್ಡವರ ಸಾಲಿಗೂ ಸೇರದು.

ಇಷ್ಟನ್ನೂ ಅಮರೇಶ ವಿವರವಾಗಿ ಹೇಳಿದ. ಟ್ಯಾಬು ತನಗೆ ಹಗುರ, ತನ್ನ ಕಣ್ಣಿಗೆ ಹಿತ, ಕ್ವಾರಿಯ ಜನರ ಮುಂದೆ ಹಿಡಿದರೆ ತನಗೊಂದು ಮರ್ಯಾದೆ ಎಂದೂ ಸೇರಿಸಿದ. ಆದರೂ ಮನಸ್ಸು ಆ ಎಡಬಿಡಂಗಿಯ ಕಡೆಗೆ ಯಾಕೆ ಎಳೆಯುತ್ತಿದೆಯೋ ತಿಳಿಯದು ಎಂದ.

ಗುರುಗಳು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಕತೆ ಹೇಳಿದರು.

ಕೃಷ್ಣೆಯ ನಡುವೆ ಒಂದು ಗಡ್ಡೆ. ಸುತ್ತಲೂ ನೀರು, ನೀರಿನ ತುಂಬ ಬಂಡೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಕಾಲು ಗಟ್ಟಿಯಿದ್ದವರು ಬಂಡೆಯಿಂದ ಬಂಡೆಗೆ ಹಾರುತ್ತ ಆಚೆ ದಡ ಸೇರುತ್ತಿದ್ದರು. ಮಳೆಗಾಲದಲ್ಲಿ ಆ ದಾರಿಯೂ ಮುಚ್ಚುತ್ತಿತ್ತು. ಆಗ ಗಂಡಸರು ಒಣಗಿದ ಸೋರೆಬುರುಡೆಗಳನ್ನು ಎದೆಗೆ ಕಟ್ಟಿಕೊಂಡು ಈಜಿ ಹೋಗುತ್ತಿದ್ದರು. ಉಪ್ಪು, ಎಣ್ಣೆ, ಬೆಂಕಿಪೆಟ್ಟಿಗೆಯ ಗಂಟನ್ನು ತಲೆಗೆ ಕಟ್ಟಿಕೊಂಡು ಹಿಂತಿರುಗುತ್ತಿದ್ದರು. ಹೆಂಗಸರು, ಮಕ್ಕಳು, ಮುದುಕರು ಹೊಳೆ ಇಳಿಯುವ ತನಕ ಗಡ್ಡೆಯಲ್ಲೇ ಉಳಿಯುತ್ತಿದ್ದರು. ಹಿಂದಿನಿಂದ ಹಾಗೇ ನಡೆದು ಬಂದದ್ದರಿಂದ ಯಾರಿಗೂ ಅದು ತಪ್ಪೆಂದು ಅನ್ನಿಸಿರಲಿಲ್ಲ.

ಆ ಗಡ್ಡೆಯಲ್ಲಿ ಒಬ್ಬ ರೈತನಿದ್ದ. ಈಜಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಂಥ ಸೆಳವಿನಲ್ಲೂ ಹೋಗಿ ಬಂದೇನು ಎನ್ನುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಈ ಮಾತು ಹೇಳಿದಾಗ ಜೊತೆಯವರು, ಇವನು ಹೊಳೆಯಲ್ಲೂ ಬುರುಡೆ ಬಿಡುತ್ತಾನೆ, ದಡದಲ್ಲೂ ಬುರುಡೆ ಬಿಡುತ್ತಾನೆ ಎಂದು ಚಾಷ್ಟಿ ಮಾಡುತ್ತಿದ್ದರು. ಅವನು ನಗುತ್ತಿದ್ದ. ಮಾತು ಸುಳ್ಳಾಗಿರಲಿಲ್ಲವಲ್ಲ.

ಅವನ ಹೆಂಡತಿಯ ತವರು ಎದುರಿನ ದಡದಲ್ಲೇ ಇತ್ತು. ಗಡ್ಡೆಯ ತುದಿಯಲ್ಲಿ ನಿಂತರೆ ಅವ್ವನ ಮನೆಯ ಮಾಳಿಗೆ ಕಾಣುತ್ತಿತ್ತು. ಒಂದು ಮಳೆಗಾಲದಲ್ಲಿ ಆ ಅವ್ವ ಹಾಸಿಗೆ ಹಿಡಿದಳು. ರೈತ ತಡಮಾಡಲಿಲ್ಲ, ಬುರುಡೆ ಕಟ್ಟಿಕೊಂಡು ಹೋದ. ಬಂದು, ಗಂಜಿ ಕುಡಿದಳು ಎಂದು ಹೇಳಿದ. ಮತ್ತೆ ಹೋದ. ನಿದ್ದೆ ಬಂತು ಎಂದು ಹೇಳಿದ. ಇನ್ನೊಮ್ಮೆ ಹೋಗಿ ಬಂದು, ನಿನ್ನನ್ನು ಕೇಳಿದಳು ಎಂದ. ಪ್ರತಿ ಸಲವೂ ಸುದ್ದಿ ಬೇಗ ಬರುತ್ತಿತ್ತು, ಸರಿಯಾಗಿಯೇ ಬರುತ್ತಿತ್ತು. ಹೆಂಡತಿ ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ಇಷ್ಟು ಮಾಡಿದರೂ ಇವಳ ಮುಖ ಅರಳಲಿಲ್ಲವಲ್ಲ ಎಂದು ರೈತನಿಗೆ ಬೇಸರವಾಯಿತು. ಆ ಬೇಸರವನ್ನು ಬಾಯಿಬಿಟ್ಟು ಹೇಳಿಯೂಬಿಟ್ಟ.

ಆಗ ಅವಳು, “ನೀವು ಹೋಗಿ ಬಂದ್ರ ನಮ್ಮವ್ವ ನಿಮ್ಮ ಮಾರಿ ನೋಡ್ತಾಳ. ನನ್ನ ಮಾರಿ ಆಕಿ ಯಾವಾಗ ನೋಡಬೇಕು?” ಎಂದಳು.

ಮುದುಕಿ ಈ ಮಳೆಗಾಲ ದಾಟುವಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ರೈತ ಅಂದೇ ಆಚೆ ದಡದ ಸಂತೆಯ ವ್ಯಾಪಾರಿಯ ಬಳಿ ಹೋದ. ಹೊಳೆ ದಾಟುವ ಸಾಮಾನೆಲ್ಲ ಅವನಲ್ಲಿ ಸಿಗುತ್ತಿತ್ತು. ಹಲಗೆಯ ದೊಡ್ಡ ದೋಣಿಯೊಂದಿತ್ತು, ಎತ್ತು ಕೂಡ ನಿಲ್ಲುವಂಥದ್ದು. ರೈತನ ಕಣ್ಣು ಮೊದಲು ಅದರ ಮೇಲೆಯೇ ಬಿತ್ತು. ಆದರೆ ಅದನ್ನು ನೀರಿಗಿಳಿಸಲು ಆಳುಗಳು ಬೇಕು, ಗಡ್ಡೆಯ ಬಂಡೆಗಳ ನಡುವೆ ಅದು ನುಗ್ಗುವುದೂ ಇಲ್ಲ. ಕೊನೆಗೆ ಅವನು ಒಂದು ಭಾರಿ ಬುರುಡೆ ಕೊಂಡ. ಬಣ್ಣ ಬಳಿದು ಹಿತ್ತಾಳೆಯ ಬಳೆ ತೊಡಿಸಿದ್ದರು. ಬುರುಡೆ ಚಿಕ್ಕದಾದದ್ದರಿಂದ ಒಬ್ಬನೇ ತೇಲುತ್ತೇನೆ, ದೊಡ್ಡದಾದರೆ ಇಬ್ಬರೂ ತೇಲುತ್ತೇವೆ ಎಂಬುದು ಅವನ ಲೆಕ್ಕ.

ಮರುದಿನ ಅದನ್ನು ಹೆಂಡತಿಯ ಎದೆಗೆ ಕಟ್ಟಿ ನೀರಿಗಿಳಿಸಿದ. ಅವಳಿಗೆ ಈಜು ಬಾರದು. ಸೀರೆ ನೀರು ಕುಡಿದು ಭಾರವಾಯಿತು. ನೀರು ಸೊಂಟ ಮುಟ್ಟುವುದರೊಳಗೆ ಸೆಳವು ಅವಳನ್ನು ಅಡ್ಡ ಕೆಡವಿತು. ರೈತ ಎಳೆದು ದಡಕ್ಕೆ ತಂದ. ಅವಳು ಕೆಮ್ಮಿದಳು, ಸೀರೆ ಹಿಂಡಿಕೊಂಡಳು, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಬುರುಡೆ ಎಷ್ಟು ದೊಡ್ಡದಾದರೂ ಬುರುಡೆಯೇ ಎಂದು ಅವನಿಗೆ ಅವತ್ತು ತಿಳಿಯಿತು.

ತಿರುಗಿ ವ್ಯಾಪಾರಿಯ ಬಳಿ ಹೋದ. ಅಂಗಡಿಯ ಮೂಲೆಯಲ್ಲಿ ಒಂದು ಹರಿಗೋಲು ಬಿದ್ದಿತ್ತು. ಬಿದಿರು ಹೆಣೆದು, ತಾಡಪತ್ರಿ ಹೊಲಿದು, ಡಾಂಬರು ಬಳಿದದ್ದು. ದುಂಡಗೆ ಬುಟ್ಟಿಯ ಹಾಗಿತ್ತು. ಕೊಳ್ಳುವವರಿಲ್ಲದ್ದರಿಂದ ವ್ಯಾಪಾರಿ ಅದರಲ್ಲಿ ಒಣಮೆಣಸಿನಕಾಯಿ ತುಂಬಿದ್ದ. ಇದು ದೋಣಿಯೋ ಬುಟ್ಟಿಯೋ ಎಂದು ರೈತ ಕೇಳಿದ. ವ್ಯಾಪಾರಿ ಪ್ರಾಮಾಣಿಕ ಮನುಷ್ಯ, ಅಂಥವರೂ ಇರುತ್ತಾರೆ.

“ಇದು ಗಿರಗಿರ ತಿರಗತೈತಿ, ಮೊದಲ ಹೇಳಿರ್ತೀನಿ. ಹೊಳಿ ನಡುವ ಕುಂತು ನನಗ ಬೈಬ್ಯಾಡ. ಆದ್ರ ಇದರಾಗ ನಿನ್ನ ಜೋಡಿ ಇನ್ನೊಬ್ರು ಕುಂದರತಾರ” ಎಂದ.

ರೈತ ಕೊಂಡ. ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹೊಳೆಯ ತನಕ ನಡೆದ. ಆಮೆಯೊಂದು ಎದ್ದು ನಿಂತು ನಡೆದ ಹಾಗೆ ಕಂಡಿತು. ಸಂತೆಯಲ್ಲಿ ನಗದವರಿಲ್ಲ.

ನೀರಿಗಿಳಿಸಿದ ಮೇಲೆ ವ್ಯಾಪಾರಿ ಹೇಳಿದ್ದು ಅಕ್ಷರಶಃ ನಿಜವಾಯಿತು. ಹರಿಗೋಲು ತಿರುಗಿತು. ಎಡಕ್ಕೆ ಹುಟ್ಟು ಹಾಕಿದರೆ ಬಲಕ್ಕೆ, ಬಲಕ್ಕೆ ಹಾಕಿದರೆ ಎಡಕ್ಕೆ. ಗಡ್ಡೆಯವರೆಲ್ಲ ದಡದಲ್ಲಿ ಸೇರಿದರು. ಊರಿಗೇ ದೊಡ್ಡ ಈಜುಗಾರ ಗಾಣದೆತ್ತಿನ ಹಾಗೆ ಸುತ್ತುವುದನ್ನು ನೋಡುವ ಭಾಗ್ಯ ದಿನಾ ಸಿಗುತ್ತದೆಯೇ? ಬುರುಡೆ ಕಟ್ಟಿಕೊಂಡವನು ಇಷ್ಟು ಹೊತ್ತಿಗೆ ಹೋಗಿ ಊಟ ಮಾಡಿ ಬರುತ್ತಿದ್ದ ಎಂದು ಒಬ್ಬ ಕೂಗಿದ. ಅದೂ ನಿಜವೇ.

ರೈತನಿಗೆ ನಾಚಿಕೆಯಾಯಿತು. ಹರಿಗೋಲನ್ನು ಅಲ್ಲೇ ಬಿಟ್ಟು ಈಜಿ ಬಂದುಬಿಡೋಣ ಎಂದೂ ಅನ್ನಿಸಿತು. ಆದರೆ ದಡದಲ್ಲಿ ನಗುವವರ ನಡುವೆ ಹೆಂಡತಿ ನಗದೆ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಅವನನ್ನಲ್ಲ, ಅವನ ಪಕ್ಕದಲ್ಲಿ ಖಾಲಿ ಉಳಿದ ಜಾಗವನ್ನು. ಅವನು ಮತ್ತೆ ಹುಟ್ಟು ಹಿಡಿದ. ನೀರನ್ನು ಹಿಂದಕ್ಕೆ ನೂಕಿ ನೂಕಿ ಸೋತ ಮೇಲೆ, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಂಡು ನೋಡಿದ. ಹರಿಗೋಲು ಸುತ್ತುವುದನ್ನು ಬಿಟ್ಟು ಮುಂದೆ ಹೋಯಿತು.

ಎರಡು ದಿನ ಕಲಿತು, ಹೆಂಡತಿಯನ್ನು ಕೂರಿಸಿಕೊಂಡು ಹೊರಟ. ಬಂಡೆಗಳ ಸಂದಿಯಲ್ಲಿ ದೊಡ್ಡ ದೋಣಿ ಸಿಕ್ಕಿಕೊಳ್ಳುವ ಕಡೆ ಇದು ತಳ ಸವರಿಕೊಂಡು ಜಾರಿತು. ನೀರು ತೀರ ತೆಳುವಾದ ಕಡೆ ಇಬ್ಬರೂ ಇಳಿದು ಎತ್ತಿಕೊಂಡು ನಡೆದರು. ಹೊತ್ತು ಹೆಚ್ಚೇ ಹಿಡಿಯಿತು. ಅವಳು ಓಡುತ್ತ ಹೋಗಿ ಅವ್ವನ ಹಾಸಿಗೆಯ ಬಳಿ ಕುಳಿತಳು. ಮುದುಕಿ ಮಗಳ ಮುಖವನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಬಿಡಲಿಲ್ಲ. ಬಾಗಿಲಲ್ಲಿ ನಿಂತ ರೈತ ಅತ್ತುಬಿಟ್ಟ. ತಾನು ಇಷ್ಟು ದಿನ ತಂದುಕೊಟ್ಟದ್ದು ಏನು, ತರಲಾಗದೆ ಹೋದದ್ದು ಏನು ಎಂದು ಆಗ ಅವನಿಗೆ ಕಂಡಿತು.

ಮುದುಕಿ ಆ ಮಳೆಗಾಲ ದಾಟಿದಳು. ಮಗಳು ಬಂದದ್ದರಿಂದಲೋ, ಆಯುಷ್ಯ ಇದ್ದದ್ದರಿಂದಲೋ, ಹೇಳಲು ನಾನು ವೈದ್ಯನಲ್ಲ ಎಂದರು ಗುರುಗಳು. ರೈತ ಬುರುಡೆಯನ್ನೇನೂ ಎಸೆಯಲಿಲ್ಲ. ಒಬ್ಬನೇ ಹೋಗುವಾಗ ಅದನ್ನೇ ಕಟ್ಟಿಕೊಂಡ. ಒಬ್ಬನೇ ದಾಟುವವನಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಹಾಗಾಗಿ ಹರಿಗೋಲು ದಡದಲ್ಲಿ ಬಿಡುವಾಗಿರುತ್ತಿತ್ತು. ಹೆಂಡತಿ ಸುಮ್ಮನಿರಲಿಲ್ಲ. ಹುಟ್ಟು ಹಿಡಿದಳು. ಅವಳೂ ಸುತ್ತಿದಳು, ಅವಳನ್ನು ನೋಡಿಯೂ ಜನ ನಕ್ಕರು. ಕಲಿತ ಮೇಲೆ ಪಕ್ಕದ ಮನೆಯ ಬಸುರಿಯನ್ನು ಆಸ್ಪತ್ರೆಗೆಂದು ದಾಟಿಸಿದಳು. ಕಣ್ಣು ಮಂಜಾದ ಒಬ್ಬ ಮುದುಕನನ್ನು ದಾಟಿಸಿದಳು. ನಕ್ಕವರ ಹೆಂಡಂದಿರು ಒಬ್ಬೊಬ್ಬರಾಗಿ ಬಂದು, ನಮಗೂ ಕಲಿಸು ಎಂದರು.

ಮುಂದಿನ ಮಳೆಗಾಲದಲ್ಲಿ ತುಂಬಿದ ಹೊಳೆಯ ಮೇಲೆ ಒಂದು ಹರಿಗೋಲು ಗಡ್ಡೆಯ ಕಡೆಗೆ ಬಂತು. ಅದರಲ್ಲಿ ಆ ಮುದುಕಿ ಕುಳಿತಿದ್ದಳು. ಮಗಳನ್ನು ಕೊಟ್ಟ ಮೇಲೆ ಆ ಮನೆಯ ಹೊಸ್ತಿಲನ್ನು ಅವಳು ಒಂದು ಸಲವೂ ಕಂಡಿರಲಿಲ್ಲ, ಬಂಡೆ ಹಾರುವ ಕಾಲು ಅವಳಿಗಿರಲಿಲ್ಲ. ಹುಟ್ಟು ಹಾಕುತ್ತಿದ್ದವಳು ಮಗಳು.

ಗುರುಗಳು ಕತೆ ನಿಲ್ಲಿಸಿ ಶೇಂಗಾದ ಸಿಪ್ಪೆ ಒಟ್ಟುಗೂಡಿಸಿದರು.

ಅಮರೇಶ ಕತೆಯನ್ನು ತನ್ನ ಆಯ್ಕೆಗೆ ಹೊಂದಿಸಿ ನೋಡಿದ. ಫೋನಿನಲ್ಲಾಗಲಿ ಟ್ಯಾಬಿನಲ್ಲಾಗಲಿ ತಾನು ಬೇಕಾದ್ದನ್ನು ನೋಡಬಹುದು, ನೋಡಿದ್ದನ್ನು ಮಕ್ಕಳಿಗೆ ತೋರಿಸಲೂಬಹುದು, ಆದರೆ ಅವರು ನೋಡುತ್ತ ಕೂರುವವರೇ ಆಗುತ್ತಾರೆ. ಕೀಲಿಗಳಿರುವ ಆ ಯಂತ್ರದ ಮುಂದೆ ಕೂತ ಮಗು ಅಕ್ಷರ ಒತ್ತಿ, ಅಳಿಸಿ, ಮತ್ತೆ ಒತ್ತಿ, ತನ್ನ ಹೆಸರನ್ನು ತಾನೇ ಮೂಡಿಸಬಹುದು. ಇಷ್ಟು ಅವನಿಗೆ ತಿಳಿಯಿತು, ತಿಳಿದದ್ದನ್ನು ಹೇಳಿದ. ಗುರುಗಳು ತಲೆಯಾಡಿಸಿದರು.

ಆದರೂ ಅವನಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಅಂಗಡಿಯಲ್ಲಿ ಅದರ ಮೇಲೆ ಬೆರಳಿಟ್ಟು ನೋಡಿದ್ದ. ಒಂದು ಅಕ್ಷರ ಒತ್ತಲು ಹೋದರೆ ಎರಡು ಮೂಡಿದ್ದವು.

“ಎಲ್ಲ ಸರಿ ಗುರುಗಳೇ, ಆದರೆ ಅದರ ಕೀಲಿಗಳು ತೀರ ಚಿಕ್ಕವು, ನನ್ನ ಬೆರಳಿಗೆ ಒಗ್ಗುವುದೇ ಇಲ್ಲ” ಎಂದು ತನ್ನ ಎರಡೂ ಕೈಗಳನ್ನು ಗುರುಗಳ ಮುಂದೆ ಚಾಚಿದ.

ಗುರುಗಳು ಆ ದಪ್ಪ ಬೆರಳುಗಳನ್ನು ನೋಡಿ ನಕ್ಕು ಒಂದು ಮಾತು ಕೇಳಿದರು.

“ಕ್ವಾರಿಯ ಮಕ್ಕಳ ಬೆರಳು ಎಷ್ಟು ದಪ್ಪವಪ್ಪಾ?”