ದಾರವಿಲ್ಲದ ಕಲ್ಲು

ಶಂಭುಲಿಂಗಾರ್ಯರ ಆಶ್ರಮ ಹೊಳೆದಂಡೆಯಲ್ಲಿತ್ತು. ಅಲ್ಲಿ ಪಾಠವನ್ನು ಬಾಯಲ್ಲಿ ಒಪ್ಪಿಸಿದರೆ ಸಾಲದು, ಮರಳ ಮೇಲೆ ಕೈಯಾರೆ ಹಾಸಿ ತೋರಿಸಬೇಕು. ತಪ್ಪಿದವರು ಗಂಟು ಕಟ್ಟಿಕೊಂಡು ಊರಿಗೆ ನಡೆಯಬೇಕು.

ಆ ದಿನದ ಪಾಠ ಜಾಲ. ಊರಿಗೊಂದು ಕಲ್ಲು. ದೋಣಿ ಓಡಾಡುವ ಎರಡೂರಿನ ನಡುವೆ ಒಂದು ದಾರ.

ಅಂಬಿಗರ ಮಗಳು ಹಂಪವ್ವ ಆಶ್ರಮದ್ದೂ ಸೇರಿ ಏಳು ಕಲ್ಲಿಟ್ಟಳು. ಆರನ್ನು ದಾರದಿಂದ ಜೋಡಿಸಿದಳು. ಏಳನೆಯದು ಒಂಟಿಯಾಗಿ ಉಳಿಯಿತು.

ಒಪ್ಪಿಸಿಕೊಳ್ಳಲು ಬಂದವನು ಹಿರಿಯ ಶಿಷ್ಯ ಕೇಶಣ್ಣ. ಗುರುತನ ಅವನಲ್ಲಿ ಗುರುಗಳಿಗಿಂತ ಒಂದು ತೂಕ ಹೆಚ್ಚೇ ಇತ್ತು. ಒಂದು ದಾರದ ಮೇಲೆ ಬೆರಳಿಟ್ಟ.

“ಇದು ಎಲ್ಲಿಂದ ಎಲ್ಲಿಗೆ?”

“ಹಾಗೇನಿಲ್ಲ ಅಣ್ಣ. ಹೋದ ದೋಣಿ ಬರುತ್ತೆ. ಎರಡೂರ ನಡುವೆ ಇದೆ, ಅಷ್ಟೇ.”

“ಸರಿ. ಆ ಒಂಟಿ ಕಲ್ಲು ಬಿಸಾಕು.”

“ಅದು ನನ್ನೂರು, ಗೂಳಿಗಡ್ಡೆ.”

“ಹೋದ ವರ್ಷದ ನೆರೆಯಲ್ಲಿ ಅಲ್ಲಿನ ದೋಣಿ ಒಡೆದುಹೋಯ್ತಲ್ಲ. ಯಾರೂ ಹೋಗದ, ಯಾರೂ ಬಾರದ ಊರು ಜಾಲದಲ್ಲಿ ಯಾಕೆ?”

ಹಂಪವ್ವನ ಮೈ ಉರಿಯಿತು. ಆ ನಡುಗಡ್ಡೆಯಲ್ಲಿ ಅವಳ ಅವ್ವ ಇದ್ದಳು.

“ದಾರ ಇಲ್ಲ, ನಿಜ. ಊರು ಇದೆ. ತೆಗೆಯಲ್ಲ.”

“ದಾರ ಇಲ್ಲದ್ದನ್ನೂ ಸೇರಿಸಿದರೆ ಈ ದಂಡೆಯ ಕಲ್ಲೆಲ್ಲ ಸೇರಿಸಬೇಕು. ಅದು ಮುಗಿಯೋ ಮಾತಾ?”

“ನಾನು ಹೆಸರಿಟ್ಟಿದ್ದು ಏಳಕ್ಕೆ. ಏಳಕ್ಕೇ ಮುಗೀತು. ಬೇಕಾದರೆ ಎಣಿಸಿಕೋ.”

“ಹಠ ಮಾಡಿದರೆ ಗಂಟು ಕಟ್ಟಬೇಕಾಗುತ್ತೆ, ಹುಷಾರ್. ನಿನ್ನೂರಿಗೆ ದೋಣಿಯೂ ಇಲ್ಲ.”

“ಈಜಿಕೊಂಡು ಹೋಗ್ತೀನಿ. ಕಲ್ಲು ಮಾತ್ರ ಅಲ್ಲೇ ಇರುತ್ತೆ.”

ಬರೀ ಮಾತಲ್ಲ. ಎದ್ದು ಹೋಗಿ ಗಂಟು ಕಟ್ಟಿ, ಹೆಗಲಿಗೇರಿಸಿಕೊಂಡೇ ಬಂದಳು.

ಗುರುಗಳು ಅಷ್ಟು ಹೊತ್ತೂ ತಮಗೂ ಇದಕ್ಕೂ ಸಂಬಂಧವೇ ಇಲ್ಲದವರ ಹಾಗೆ ಕೂತಿದ್ದರು. ಈಗ ಎದ್ದರು. ಹಂಪವ್ವನ ಹೆಗಲಿಂದ ಗಂಟು ಇಳಿಸಿ ಪಕ್ಕಕ್ಕಿಟ್ಟರು. ಆಮೇಲೆ ಬಗ್ಗಿ, ಮರಳ ಮೇಲಿನ ದಾರಗಳನ್ನು ಒಂದೊಂದಾಗಿ ಎಳೆದುಹಾಕಿದರು. ಏಳು ಕಲ್ಲು ಉಳಿದವು.

“ಕೇಶಣ್ಣಾ, ನೆರೆ ಬಂತು ಅಂತಿಟ್ಟುಕೋ. ದೋಣಿಗಳೆಲ್ಲ ನಿಂತವು. ಈಗೇನು ಮಾಡ್ತೀಯ?”

ಕೇಶಣ್ಣ ಬಗ್ಗಿ ಕಲ್ಲುಗಳನ್ನು ಎಣಿಸತೊಡಗಿದ.

ಗುರುಗಳು ಒಂದು ಕಲ್ಲನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು.

“ಇದು ನಮ್ಮ ಆಶ್ರಮ. ಬಿಸಾಕಪ್ಪ. ಬಿಸಾಕಿ ಆಮೇಲೆ ಹೇಳು, ನಾವೀಗ ಎಲ್ಲಿ ನಿಂತಿದ್ದೀವಿ?”